ಮೂರು ಫ್ರಾಕು ತೊಟ್ಟ ಮಂಗಳವಾರ

ಮಕ್ಕಳ ರಕ್ಷಣೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಕಡೂರಿನ ನನ್ನ ಮನೆಗೆ ಬರುತ್ತಾರೆ. ಬಂದವರು ಮೊದಲು ಕೇಳುವುದು ಫಾರ್ಮುಗಳ ವಿಷಯ. ಯಾವುದು ಮೊದಲು, ಯಾವುದಕ್ಕೆ ಯಾರ ಸಹಿ, ಎಷ್ಟು ಪ್ರತಿ. ಅದನ್ನು ಕಚೇರಿಯ ಗುಮಾಸ್ತರು ಅರ್ಧ ಗಂಟೆಯಲ್ಲಿ ಕಲಿಸುತ್ತಾರೆ. ಅವರು ಕಲಿಸದೆ ಬಿಡುವುದನ್ನು ಇಲ್ಲಿ ಬರೆಯುತ್ತೇನೆ. ಅದರಲ್ಲಿ ಬಹುಪಾಲು ನಾನು ತಪ್ಪು ಮಾಡಿ ಕಲಿತದ್ದು.

ನಾನು ಓದಿದ್ದು ವಿದ್ಯಾರ್ಥಿನಿಲಯದಲ್ಲಿ. ಐದಕ್ಕೆ ಗಂಟೆ, ಐದೂಕಾಲಿಗೆ ಮುಖ ತೊಳೆದು ಸಾಲಿನಲ್ಲಿ ನಿಲ್ಲಬೇಕು. ಮುಂದೆ ಹದಿನಾಲ್ಕು ವರ್ಷ ಅಂಥದೇ ಒಂದು ನಿಲಯಕ್ಕೆ ವಾರ್ಡನ್ ಆಗಿ ಆ ಗಂಟೆಯನ್ನು ನಾನೇ ಹೊಡೆದೆ. ಹಾಗಾಗಿ ನೌಕರಿಯ ಕೊನೆಯ ವರ್ಷಗಳಲ್ಲಿ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕುಗಳ ಫಾಸ್ಟರ್ ಕೇರ್ ಕೆಲಸ ನನಗೆ ಬಂದಾಗ, ಗಡಿಯಾರ ಮತ್ತು ಪಟ್ಟಿ ಎರಡಿದ್ದರೆ ಯಾವ ಕೆಲಸವೂ ಸಾಗುತ್ತದೆ ಎಂದೇ ನಂಬಿದ್ದೆ.

ಫಾಸ್ಟರ್ ಕೇರ್ ಎಂದರೆ ದತ್ತು ಅಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೆತ್ತವರು ಕಾಯಿಲೆಯಿಂದಲೋ ಬೇರೆ ಕಷ್ಟದಿಂದಲೋ ಸ್ವಲ್ಪ ಕಾಲ ಮಗುವನ್ನು ನೋಡಿಕೊಳ್ಳಲಾಗದಿದ್ದರೆ, ಆ ಮಗುವನ್ನು ಬಾಲಮಂದಿರದಲ್ಲೇ ಬಿಡದೆ ಒಂದು ಮನೆಯಲ್ಲಿ ಇರಿಸುವ ಏರ್ಪಾಡು ಅದು. ಸಾಕುವ ಮನೆಯನ್ನು ನಾವು ಹೋಗಿ ನೋಡುತ್ತೇವೆ, ಅಕ್ಕಪಕ್ಕ ವಿಚಾರಿಸುತ್ತೇವೆ, ವರದಿ ಬರೆಯುತ್ತೇವೆ. ಮಕ್ಕಳ ಕಲ್ಯಾಣ ಸಮಿತಿ ಆದೇಶ ಮಾಡುತ್ತದೆ. ಆಮೇಲೆ ತಿಂಗಳಿಗೊಮ್ಮೆ ಹೋಗಿ ಮಗುವನ್ನೂ ಮನೆಯವರನ್ನೂ ಮಾತಾಡಿಸಿ ಬರಬೇಕು. ಹೆತ್ತವರು ಚೇತರಿಸಿಕೊಂಡ ದಿನ ಮಗು ಅವರಲ್ಲಿಗೆ ವಾಪಸು.

ಪಂಚನಹಳ್ಳಿಯ ಒಂದು ಸಭೆಯಲ್ಲಿ ಇಷ್ಟನ್ನೂ ವಿವರಿಸಿ ಕೂತೆ. ಮುಂದಿನ ಸಾಲಿನಲ್ಲಿದ್ದ ಅಜ್ಜನೊಬ್ಬ ಕೈ ಎತ್ತಿದ.

"ಅಂದ್ರೆ ಮೇಡಂ, ಬ್ಯಾರೇವ್ರ ಮಗೀನ ಸಾಕ್ಬೇಕು, ಮುದ್ದು ಬಂದ್ಮ್ಯಾಲೆ ವಾಪಸ್ ಕೊಡ್ಬೇಕು. ಇದೇ ತಾನೆ ನೀವ್ ಹೇಳಿದ್ದು?"

"ಇದೇ ಅಜ್ಜ."

"ಇದಕ್ಕೆ ಒಪ್ಪೋರು ಇದಾರಾ?"

"ಇದಾರೆ."

"ಹಂಗಾದ್ರೆ ಒಂದ್ಸಲ ಕರ್ಕೊಂಡ್ಬಂದು ತೋರ್ಸಿ. ಕೈ ಮುಗ್ದು ಹೋಗ್ತೀನಿ."

ಇಡೀ ಸಭೆ ನಕ್ಕಿತು. ಆದರೆ ನನ್ನ ಅರ್ಧ ಗಂಟೆಯ ವಿವರಣೆಗಿಂತ ಅಜ್ಜನ ಒಂದು ಮಾತು ವಿಷಯವನ್ನು ಚೆನ್ನಾಗಿ ಹೇಳಿತ್ತು. ಮುಂದಿನ ಸಭೆಗಳಲ್ಲಿ ನಾನು ಅದನ್ನೇ ಹೇಳತೊಡಗಿದೆ.

ಮನೆ ನೋಡಲು ಹೋಗುವುದರಲ್ಲಿ ನಾನು ಮೊದಲು ಎಡವಿದ್ದು ಲಕ್ಕವಳ್ಳಿಯಲ್ಲಿ. ಅಣೆಕಟ್ಟೆಯಲ್ಲಿ ಕೆಲಸ ಮಾಡುವವರ ಮನೆ. ಮಗುವಿಗೆಂದು ಹೊಸ ಮಂಚ, ಓದುವ ಮೇಜು, ಮೇಜಿನ ಮೇಲೆ ಒಂದು ಭೂಗೋಳ ಬೇರೆ. "ಓದುವ ವಾತಾವರಣ ಉತ್ತಮ" ಎಂದು ನಾನು ಬರೆಯುತ್ತಿದ್ದ ಹೊತ್ತಿಗೆ ಸರಿಯಾಗಿ ಹಿಂದಿನ ಮನೆಯಾಕೆ ಒಳಗೆ ಬಂದು, "ಮೇಡಂ ಹೋದ್ರೇನೇ? ಮಧ್ಯಾಹ್ನ ನಮ್ಮತ್ತೆ ಬತ್ತಾರೆ, ಮಂಚ ಬೇಕು ಕಣೇ" ಎಂದರು. ನನ್ನನ್ನು ಕಂಡು ನಾಲಿಗೆ ಕಚ್ಚಿಕೊಂಡರು. ಮಂಚ ಅವರದು, ಮೇಜು ಇನ್ನೊಬ್ಬರದು, ಭೂಗೋಳ ಶಾಲೆಯದು. ನನಗೆ ಸಿಟ್ಟು ಬಂದು ಫೈಲು ಮುಚ್ಚಿ ಎದ್ದೆ. ವಾರ ಕಳೆದ ಮೇಲೆ ತಣ್ಣಗೆ ಯೋಚಿಸಿದಾಗ, ಇನ್ನೂ ಬಾರದ ಮಗುವಿಗಾಗಿ ಊರಿಡೀ ಸುತ್ತಿ ಸಾಮಾನು ಹೊಂದಿಸಿದವರು ಕೆಟ್ಟವರಾಗಿರಲಾರರು ಅನ್ನಿಸಿತು. ಮತ್ತೆ ಹೋದೆ. ಆ ಮನೆಯಲ್ಲಿ ಅಣ್ಣತಮ್ಮಂದಿರಿಬ್ಬರು ಎರಡು ವರ್ಷ ಚಾಪೆಯ ಮೇಲೆ ಮಲಗಿ ಚೆನ್ನಾಗಿ ಬೆಳೆದರು.

ನಮ್ಮನ್ನು ಕಂಡರೆ ಜನ ಪರೀಕ್ಷೆಗೆ ಕೂತವರಂತೆ ಆಗುತ್ತಾರೆ ಎಂಬುದು ನನಗೆ ಅಲ್ಲಿ ತಿಳಿಯಿತು. ಆದರೆ ಅರ್ಧ ಮಾತ್ರ ತಿಳಿಯಿತು. ಉಳಿದರ್ಧ ತಿಳಿಯಲು ಸಿಂಚನ ಬರಬೇಕಾಯಿತು.

ಸಿಂಚನಳಿಗೆ ಆಗ ಎಂಟು ವರ್ಷ. ಅವಳ ತಾಯಿ ಭಾಗ್ಯ ಪಂಚನಹಳ್ಳಿಯಲ್ಲಿ ಕೊಬ್ಬರಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಗಂಡ ಬಿಟ್ಟುಹೋಗಿ ವರ್ಷಗಳಾಗಿದ್ದವು. ಒಂದು ದಿನ ಯಾರದೋ ಬೈಕಿನ ಹಿಂದೆ ಕೂತು ಬರುವಾಗ ಬಿದ್ದು ಸೊಂಟ, ತೊಡೆ ಎರಡೂ ಮುರಿದವು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಒಂದಾದ ಮೇಲೊಂದು ಶಸ್ತ್ರಚಿಕಿತ್ಸೆ. ನಡೆಯಲು ತಿಂಗಳುಗಳೇ ಬೇಕು ಎಂದರು. ಮಗುವನ್ನು ವಾರದ ಮಟ್ಟಿಗೆ ನೋಡಿಕೊಂಡ ಪಕ್ಕದ ಮನೆಯವರು ನಮಗೆ ಫೋನು ಮಾಡಿದರು.

ನಾನು ಹೋದೆ. ಹಸಿರು ಫೈಲು, ಅದರಲ್ಲಿ ಪಟ್ಟಿ. ಮಗುವಿನ ಜೊತೆ ತರಬೇಕಾದ್ದು: ಎರಡು ಜೊತೆ ಬಟ್ಟೆ, ಶಾಲೆಯ ದಾಖಲೆ, ಆಧಾರ್ ಪ್ರತಿ, ಔಷಧಿ ಇದ್ದರೆ ಔಷಧಿ. ಪಟ್ಟಿಯಂತೆ ಚೀಲ ತುಂಬಿ, ಒಂದೊಂದಕ್ಕೂ ಗುರುತು ಹಾಕಿ, ಇಪ್ಪತ್ತು ನಿಮಿಷದಲ್ಲಿ ಅವಳನ್ನು ಜೀಪು ಹತ್ತಿಸಿದೆ. ಕೆಲಸ ಚುರುಕಾಗಿ ಆಯಿತೆಂದು ಹೆಮ್ಮೆಯೂ ಆಯಿತು. ಸಮಿತಿಯ ಮುಂದೆ ಹಾಜರುಪಡಿಸಿ ಬಾಲಮಂದಿರಕ್ಕೆ ಬಿಟ್ಟೆ. ಮೂರು ವಾರದ ನಂತರ ಅದೇ ಹಸಿರು ಫೈಲಿನೊಂದಿಗೆ ಹೋಗಿ, ಅಲ್ಲಿಂದ ಕರೆದು ಬುಕ್ಕಾಂಬುಧಿಗೆ ಬಿಟ್ಟೆ.

ಬುಕ್ಕಾಂಬುಧಿಯಲ್ಲಿ ಸಾವಿತ್ರಮ್ಮ, ರಾಜಪ್ಪ ದಂಪತಿಗೆ ಒಂದು ಹಿಟ್ಟಿನ ಮಿಲ್ಲು. ಒಬ್ಬಳೇ ಮಗಳು ಮದುವೆಯಾಗಿ ಹೋಗಿದ್ದಳು. ಅಂಗನವಾಡಿಯ ಗೋಡೆಯ ಮೇಲಿನ ನಮ್ಮ ಪೋಸ್ಟರ್ ನೋಡಿ ತಾವಾಗಿಯೇ ಅರ್ಜಿ ಹಾಕಿದವರು. ಹೆತ್ತ ತಾಯಿ ಇರುವ ಮಗುವಿನಿಂದ ಅಮ್ಮ ಎಂದು ಕರೆಸಿಕೊಳ್ಳಬೇಡಿ ಎಂದು ನಾನು ಮೊದಲೇ ಹೇಳಿದ್ದೆ. ಸಿಂಚನ ಎರಡನೇ ದಿನಕ್ಕೇ ಸಾವಿತ್ರಮ್ಮನಿಗೆ "ಮಿಲ್ಲಮ್ಮ" ಎಂದು ಹೆಸರಿಟ್ಟಳು. ರಾಜಪ್ಪನಿಗೆ ಅದು ಬಹಳ ಹಿಡಿಸಿ, "ಮಿಲ್ಲಮ್ಮಾರೇ, ಕಾಫಿ ಆಯ್ತಾ?" ಎಂದು ತಾವೂ ಕೂಗತೊಡಗಿದರು.

ಪ್ರತಿ ತಿಂಗಳ ಮೊದಲ ಮಂಗಳವಾರ, ಹತ್ತೂವರೆಗೆ, ನನ್ನ ಭೇಟಿ. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಹೋದಾಗಲೆಲ್ಲ ಸಿಂಚನ ತಲೆ ಬಾಚಿ, ಪೌಡರ್ ಹಚ್ಚಿ ಬಾಗಿಲಲ್ಲಿ ನಿಂತಿರುತ್ತಿದ್ದಳು. ಕೇಳಿದ್ದಕ್ಕೆ ಹೂಂ, ಉಹೂಂ. ತೂಕ ಸರಿಯಿದೆ, ಶಾಲೆಯ ಹಾಜರಾತಿ ಸರಿಯಿದೆ. "ಮಗು ಹೊಂದಿಕೊಂಡಿದೆ" ಎಂದು ನಾಲ್ಕು ತಿಂಗಳು ಬರೆದೆ. ನಮ್ಮ ಅಧಿಕಾರಿ ಹೊಸಬರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಮೊಬೈಲಿನಲ್ಲಿ ಸ್ಥಳ, ಸಮಯ ಎರಡೂ ಬರುವ ಫೋಟೋ ಕಡ್ಡಾಯ ಮಾಡಿದ್ದರು. ಒಮ್ಮೆ ಆ ಫೋಟೋ ನಾನೂ ಸಿಂಚನಳೂ ಬುಕ್ಕಾಂಬುಧಿ ಕೆರೆಯ ನಡುನೀರಿನಲ್ಲಿ ನಿಂತಿರುವಂತೆ ಸ್ಥಳ ತೋರಿಸಿತು. "ಮೇಡಂ, ಈಜು ಬರುತ್ತಾ?" ಎಂದು ಅವರು ಕೇಳಿದ್ದರು.

ನಾಲ್ಕನೇ ಭೇಟಿಯಾದ ಮೇಲೆ ಒಂದು ಬೆಳಿಗ್ಗೆ ಸಾವಿತ್ರಮ್ಮನ ಫೋನು ಬಂತು.

"ಮೇಡಂ, ನಮ್ ಕೈಲಿ ಆಗಲ್ಲ ಕಣ್ರೀ. ಬರೋ ಮಂಗಳವಾರ ಮಗೀನ ಕರ್ಕೊಂಡ್ ಹೋಗ್ಬಿಡಿ."

"ಯಾಕಮ್ಮ? ಹಠ ಮಾಡ್ತಾಳಾ?"

"ಇಲ್ಲ."

"ಊಟ ಮಾಡಲ್ವಾ?"

"ಮುದ್ದೆ ನಂಗಿಂತ ಚೆನ್ನಾಗ್ ಉಣ್ತಾಳೆ."

"ಮತ್ತೇನು?"

"ಅವ್ಳಿಗೆ ನಮ್ಮನೇಲಿರಕ್ಕೆ ಇಷ್ಟ ಇಲ್ಲ. ಬಲವಂತಕ್ಕೆ ಯಾಕೆ ಇಟ್ಕೊಳೋದು, ಹೇಳಿ." ಅಷ್ಟು ಹೇಳಿ ಇಟ್ಟುಬಿಟ್ಟರು.

ಆ ಮಗು ಆರು ತಿಂಗಳೊಳಗೆ ಎರಡು ಸಲ ಜಾಗ ಬದಲಿಸಿತ್ತು. ಬುಕ್ಕಾಂಬುಧಿ ತಪ್ಪಿದರೆ ಮತ್ತೆ ಬಾಲಮಂದಿರ, ಮತ್ತೆ ಹೊಸ ಶಾಲೆ, ಆಮೇಲೆ ಯಾವ ಮನೆಯೋ. ಅತ್ತ ತಾಯಿ ಇನ್ನೂ ಹಾಸಿಗೆಯಲ್ಲಿ. ಹೀಗೆ ಮೂರು ನಾಲ್ಕು ಸಲ ಎತ್ತಿಟ್ಟ ಮಕ್ಕಳು ಆಮೇಲೆ ಯಾರ ಮೇಲೂ ಒರಗುವುದಿಲ್ಲ. ಅದನ್ನು ನಾನು ಕಣ್ಣಾರೆ ನೋಡಿದ್ದೆ. ಮಂಗಳವಾರಕ್ಕೆ ಹತ್ತು ದಿನ ಇತ್ತು. ಅದಕ್ಕೂ ಮೊದಲು ತರೀಕೆರೆಯಲ್ಲಿ ಶನಿವಾರದ ಸಭೆಗೆ ಬಂದುಹೋಗಿ ಎಂದು ಸಾವಿತ್ರಮ್ಮನನ್ನು ಬೇಡಿಕೊಂಡೆ. ಬರುತ್ತೇನೆಂದರು.

ಈ ಶನಿವಾರದ ಸಭೆ ಸಾಕುವ ತಂದೆತಾಯಿಗಳಿಗಾಗಿ ನಾನೇ ಶುರು ಮಾಡಿದ್ದು. ಹನ್ನೊಂದಕ್ಕೆ ಸ್ವಾಗತ, ಹನ್ನೊಂದೂ ಹತ್ತಕ್ಕೆ ಮಕ್ಕಳ ಪೌಷ್ಟಿಕತೆ, ಹೀಗೆ ಟೈಪು ಮಾಡಿಸಿದ ಕಾರ್ಯಕ್ರಮ ಪಟ್ಟಿ ಇರುತ್ತಿತ್ತು. ಅದನ್ನು ಯಾರೂ ಪಾಲಿಸುತ್ತಿರಲಿಲ್ಲ. ಖಾದರ್ ಸಾಹೇಬರು ಬಂದು ಕೂತರೆಂದರೆ ಸಭೆ ಅವರದು. ತರೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ನಲವತ್ತು ವರ್ಷ ಟೈಲರ್ ಅಂಗಡಿ ನಡೆಸಿದವರು. ಅವರೂ ಅವರ ಹೆಂಡತಿಯೂ ಒಬ್ಬ ಹುಡುಗನನ್ನು ಎರಡು ವರ್ಷ ಸಾಕಿ ಅವನ ಅಜ್ಜನಿಗೆ ಒಪ್ಪಿಸಿದ್ದರು. ಆಮೇಲೂ ಸಭೆ ತಪ್ಪಿಸುತ್ತಿರಲಿಲ್ಲ.

"ಏನ್ ತಂಗಿ, ಮುಖ ಹಿಂಗಿದೆ?" ಎಂದು ಅವರು ಕೇಳಿದ್ದೇ ಸಾವಿತ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ತಿಂಗ್ಳೆಲ್ಲಾ ಚೆನ್ನಾಗಿರ್ತಾಳೆ ಅಣ್ಣಾ. ಮಿಲ್ಲಮ್ಮ ಮಿಲ್ಲಮ್ಮ ಅಂತ ಹಿಂದೇನೇ ತಿರುಗ್ತಾಳೆ. ಮೇಡಂ ಬರೋ ಮಂಗಳವಾರ ಬಂತು ಅಂದ್ರೆ, ಬೆಳಿಗ್ಗೆ ಎದ್ದೋಳೇ ಇರೋ ಮೂರು ಫ್ರಾಕ್‌ನೂ ಒಂದ್ರ ಮ್ಯಾಲೊಂದು ಹಾಕ್ಕೊಂಡು, ಚಪ್ಲಿ ಮೆಟ್ಕೊಂಡು, ಮಿಲ್ಲಿನ ಕಟ್ಟೆ ಮ್ಯಾಲೆ ಕೂತ್ಬಿಡ್ತಾಳೆ. ಹೊರಡಕ್ಕೆ ತಯಾರು. ಅದೂ ಈ ಬಿಸ್ಲಲ್ಲಿ. ಒಂದ್ಸಲ ಅಲ್ಲ, ನಾಕೂ ಸಲ."

"ನನಗೆ ಯಾಕಮ್ಮ ಹೇಳಲಿಲ್ಲ?" ಎಂದೆ ನಾನು.

"ಹತ್ತೂಕಾಲಿಗೆಲ್ಲಾ ಬಿಚ್ಸಿ, ಪೌಡ್ರು ಹಾಕಿ ನಿಲ್ಲಿಸ್ತಿದ್ದೆ. ನೀವು ಬರ್ಕೊಳ್ಳೋರು ಮೇಡಂ. ನಾವೇನೋ ಮಗೀಗೆ ಹಿಂಸೆ ಕೊಡ್ತಿದೀವಿ ಅಂತ ಬರ್ಕೊಂಡ್ಬಿಟ್ರೆ?"

ಖಾದರ್ ಸಾಹೇಬರು ಟೀ ಲೋಟ ಕೆಳಗಿಟ್ಟರು. "ತಂಗಿ, ಆ ಮೂರರಲ್ಲಿ ನೀನು ಹೊಲಿಸಿದ್ದು ಯಾವ್ದಾದ್ರೂ ಇದೆಯಾ?"

"ಒಂದಿದೆ. ಹಳದಿದು. ಹಬ್ಬಕ್ಕೆ ಅಂತ ಅಜ್ಜಂಪುರದಲ್ಲಿ ಹೊಲಿಸ್ದೆ."

"ಅದನ್ನ ಎಲ್ಲಿ ಹಾಕೊಂಡಿರ್ತಾಳೆ? ಮೇಲೋ, ಒಳಗೋ?"

ಸಾವಿತ್ರಮ್ಮ ಸ್ವಲ್ಪ ಯೋಚಿಸಿದರು. "ಎಲ್ಲಾದ್ಕಿಂತ ಒಳಗೆ. ಅದನ್ ಬಿಚ್ಸೋದೇ ದೊಡ್ಡ ರಂಪ."

"ನೋಡಿದ್ಯಾ? ಹೋಗಕ್ಕೆ ಖುಷಿ ಇರೋರು ಬಟ್ಟೆ ಚೀಲಕ್ಕೆ ಹಾಕ್ತಾರೆ. ಮೈಮೇಲೆ ಹಾಕ್ಕೊಳ್ಳೋರು ಎಲ್ಲಿ ಬಿಟ್ಟೋಗ್ತದೋ ಅಂತ ಹೆದರಿದೋರು. ಯಾವ್ದು ಹೋಗ್ಬಾರ್ದೋ ಅದು ಎಲ್ಲಕ್ಕಿಂತ ಒಳಗೆ. ಅವ್ಳು ನಿನ್ನ ಬಿಟ್ಟು ಹೋಗಕ್ಕೆ ಕೂತಿಲ್ಲ. ಕರ್ಕೊಂಡು ಹೋಗ್ತಾರೆ ಅಂತ ಕೂತಿದಾಳೆ."

ಆಮೇಲೆ ನನ್ನ ಕಡೆ ತಿರುಗಿದರು. "ಮೇಡಂ, ಬೇಜಾರು ಮಾಡ್ಕೋಬಾರ್ದು. ನೀವು ಬಂದಾಗ ನಮ್ಮ ಹುಡುಗನೂ ಮಂಚದ ಕೆಳಗೆ ಸೇರ್ಕೋತಿದ್ದ. ಆ ಹಸಿರು ಫೈಲು ಹಿಡ್ಕೊಂಡು, ಗಡಿಯಾರ ನೋಡ್ಕೊಂಡು, ನೀವು ಜಪ್ತಿಗೆ ಬಂದ ಕೋರ್ಟ್ ಅಮೀನರ ಥರ ಬರ್ತೀರಿ."

ಕೋಣೆಯಲ್ಲಿದ್ದ ಎಲ್ಲರೂ ನಕ್ಕರು. ಯಾರೂ ಅಲ್ಲಗಳೆಯಲಿಲ್ಲ ಎಂಬುದನ್ನು ನಾನು ಗಮನಿಸಿದೆ. ನಗು ನಿಂತ ಮೇಲೆ ನನ್ನ ತಪ್ಪನ್ನು ಅಲ್ಲೇ ಹೇಳಿದೆ. ಆ ಮಗುವಿನ ಲೆಕ್ಕದಲ್ಲಿ ನಾನು ಫೈಲು ಹಿಡಿದು ಬಂದ ದಿನಗಳೆಲ್ಲ ಊರು ಬಿಡುವ ದಿನಗಳು. ನಾನು ದಿನ, ಗಂಟೆ ತಪ್ಪದೆ ಹೋದಷ್ಟೂ ಅವಳು ತಪ್ಪದೆ ಹೆದರುತ್ತಿದ್ದಳು. ಸಾವಿತ್ರಮ್ಮ ಕೇಳಿಸಿಕೊಂಡರು. "ಹಂಗಾದ್ರೆ ಮಂಗಳವಾರ ಬರ್ಬೇಡಿ" ಎಂದರು. ಅದಕ್ಕಿಂತ ದೊಡ್ಡ ಮಾತು ನನಗೆ ಬೇಕಿರಲಿಲ್ಲ.

ಆದರೂ ಅವರ ಅನುಮಾನ ಪೂರ್ತಿ ಹೋಗಿರಲಿಲ್ಲ. ಇನ್ನೊಂದು ತಿಂಗಳು ನೋಡೋಣ, ಆಗಲೂ ಹೀಗೇ ಆದರೆ ಕರೆದೊಯ್ಯಬೇಕು ಎಂಬ ಷರತ್ತು ಹಾಕಿದರು.

ಸೋಮವಾರ ಅಧಿಕಾರಿಗಳ ಮುಂದೆ ನಿಂತು, ಇನ್ನು ಮೇಲೆ ಫೈಲಿಲ್ಲದೆ, ದಿನ ಗೊತ್ತುಮಾಡದೆ ಹೋಗುತ್ತೇನೆ ಎಂದೆ.

"ಮೇಡಂ, ನೀವಾ ಈ ಮಾತು ಹೇಳ್ತಿರೋದು? ಮೊದಲ ಮಂಗಳವಾರ ತಪ್ಪಿದ್ರೆ ಭೂಮಿ ತಿರುಗಲ್ಲ ಅಂತ ನನಗೇ ಪಾಠ ಮಾಡಿದ್ರಲ್ಲ?"

"ತಿರುಗುತ್ತೆ ಸರ್. ನೋಡಿದೆ."

ಅವರು ನಕ್ಕು ಒಪ್ಪಿದರು. ಫೋಟೋ ಮಾತ್ರ ಬಿಡಲಿಲ್ಲ. ಫೋಟೋವನ್ನು ಸಿಂಚನಳೇ ತೆಗೆಯಲಿ ಎಂದು ನಾನು ಗೊತ್ತುಮಾಡಿಕೊಂಡೆ. ಮುಂದಿನ ಹಲವು ವರದಿಗಳಲ್ಲಿ ನನ್ನ ತಲೆ ಇಲ್ಲ.

ಒಂದು ಗುರುವಾರ ಮಧ್ಯಾಹ್ನ ಕೈಬೀಸಿಕೊಂಡು ಬುಕ್ಕಾಂಬುಧಿಯಲ್ಲಿ ಬಸ್ಸಿಳಿದೆ. ಸಿಂಚನ ಮಿಲ್ಲಿನಲ್ಲಿ ರಾಗಿ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ನನ್ನನ್ನು ಕಂಡು ಬಿಳಿಚಿಕೊಂಡು, ಒಳಗೆ ಓಡಲು ತಿರುಗಿದಳು. ಬಟ್ಟೆಗೆ.

"ನಿಲ್ಲಮ್ಮ. ನಾನು ಇವತ್ತು ನಿನ್ನ ಎಲ್ಲಿಗೂ ಕರ್ಕೊಂಡು ಹೋಗಲ್ಲ," ಎಂದೆ. "ಕರ್ಕೊಂಡು ಹೋಗೋದಿದ್ರೆ ಮೊದಲೇ ನಿಂಗೆ ಹೇಳ್ತೀನಿ. ಎಲ್ಲಿಗೆ, ಯಾಕೆ, ಯಾವಾಗ ವಾಪಸ್ ಅಂತ."

ಅವಳು ನನ್ನ ಕೈ ನೋಡಿದಳು. ಎರಡೂ ಖಾಲಿ. "ಫೈಲು?"

"ಕಡೂರಲ್ಲೇ ಬಿಟ್ಟುಬಂದೆ."

"ಮರ್ತ್ಬಿಟ್ರಾ?"

"ಬೇಕು ಅಂತಾನೇ ಬಿಟ್ಟೆ."

ಬಹಳ ಹೊತ್ತಾದ ಮೇಲೆ, ಕಡಲೆಕಾಯಿ ಸುಲಿಯುತ್ತಾ ಕೂತಿದ್ದಾಗ, ಅವಳಾಗಿಯೇ ಹೇಳಿದಳು. "ಮೊದ್ಲನೇ ಸಲ ನೀವು ಎರಡೇ ಬಟ್ಟೆ ತಗೊಂಡ್ರಿ. ನಂದು ನೀಲಿ ಫ್ರಾಕು ಅಲ್ಲೇ ಉಳ್ಕೊಂತು. ಸ್ಕೂಲ್ ಡೇಗೆ ಡ್ಯಾನ್ಸ್ ಮಾಡಿದ್ದು."

ಪಟ್ಟಿಯಲ್ಲಿ ಎರಡು ಜೊತೆ ಎಂದಿತ್ತು, ನಾನು ಎರಡು ಜೊತೆ ತೆಗೆದುಕೊಂಡಿದ್ದೆ. ಮೂರನೆಯದನ್ನು ತೆಗೆದುಕೊಳ್ಳಬಾರದೆಂದು ಯಾವ ನಿಯಮವೂ ಇರಲಿಲ್ಲ. ಯಾವುದು ಬೇಕು ಎಂದು ಒಂದು ಮಾತು ಕೇಳಲಿಲ್ಲ, ಅಷ್ಟೇ.

ಮರುದಿನವೇ ಪಂಚನಹಳ್ಳಿಗೆ ಹೋದೆ. ನೀಲಿ ಫ್ರಾಕು ಸಿಕ್ಕಿತು, ಆದರೆ ಪಕ್ಕದ ಮನೆಯ ಐದು ವರ್ಷದ ಮಗುವಿನ ಮೈಮೇಲೆ. "ಬಿಚ್ಚಿಸ್ಲಾ ಮೇಡಂ?" ಎಂದು ಅದರ ತಾಯಿ ಸಂಕೋಚದಿಂದ ಕೇಳಿದಳು. ಆ ಮಗು ಅಂಗಳದಲ್ಲಿ ಗಿರ್ರನೆ ತಿರುಗಿ ಫ್ರಾಕಿನ ಅಂಚು ಅರಳುವುದನ್ನು ನೋಡಿಕೊಳ್ಳುತ್ತಿತ್ತು. ಬೇಡ ಎಂದೆ. ಸಿಂಚನಳಿಗೆ ಫೋನಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಅವ್ಳಿಗೆ ಉದ್ದ ಆಗುತ್ತೆ. ಎಡವಿ ಬಿದ್ದಾಳು," ಎಂದಳು.

ಮಾತಿನಿಂದ ಅರ್ಧ ಹೆದರಿಕೆ ಹೋಗಿತ್ತು. ಉಳಿದದ್ದು ಹೋಗಲು ಅವಳು ನನ್ನ ಜೊತೆ ಹೊರಟು, ವಾಪಸು ಬರಬೇಕಿತ್ತು. ಅಷ್ಟರಲ್ಲಿ ಮಕ್ಕಳು ಬಂದು ನೋಡಬಹುದು ಎಂದು ಆಸ್ಪತ್ರೆಯವರು ಹೇಳಿದ್ದರು. ಮೂರು ದಿನ ಮುಂಚೆ ಅವಳಿಗೆ ತಿಳಿಸಿದೆ: ಶನಿವಾರ ಶಿವಮೊಗ್ಗಕ್ಕೆ, ಅಮ್ಮನನ್ನು ನೋಡಲು; ಸಂಜೆ ಐದರೊಳಗೆ ಮಿಲ್ಲಿಗೆ ವಾಪಸ್.

ಶನಿವಾರ ಹೋದಾಗ ಮೂರು ಫ್ರಾಕು ತೊಟ್ಟು ಕಟ್ಟೆಯ ಮೇಲೆ ಕೂತಿದ್ದಳು. ಸಾವಿತ್ರಮ್ಮ ಬಿಚ್ಚಿಸಲಿಲ್ಲ. ನನ್ನ ಮುಖವನ್ನೇ ನೋಡಿದರು. ಅವರು ಹಾಕಿದ್ದ ಷರತ್ತು ಇಬ್ಬರಿಗೂ ನೆನಪಿತ್ತು. ಮೂರು ಫ್ರಾಕಿನಲ್ಲೇ ಅವಳನ್ನು ಬಸ್ಸು ಹತ್ತಿಸಿದೆ. ಬಸ್ಸು ತರೀಕೆರೆ ಮುಟ್ಟುವ ಹೊತ್ತಿಗೆ ಹುಡುಗಿ ಬೆವರಿ ತೊಪ್ಪೆ. ಮೇಲಿನದೊಂದನ್ನು ತಾನೇ ತೆಗೆದು ನನ್ನ ಕೈಗೆ ಕೊಟ್ಟು, "ಕಳೀಬೇಡಿ" ಎಂದಳು. ಆಸ್ಪತ್ರೆಯಲ್ಲಿ ಭಾಗ್ಯ ಮಗಳನ್ನು ತಬ್ಬಿದವಳು, "ಏನೇ ಇದು, ಇಷ್ಟು ದಪ್ಪ ಆಗಿದೀಯಾ!" ಎಂದು ಬೆನ್ನು ತಡವಿ, ಎರಡು ಕಾಲರ್ ಎಣಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕರೆ ಸೊಂಟ ನೋಯುತ್ತದೆ ಎಂದು ಕಣ್ಣೀರು ಹಾಕಿ ಮತ್ತೆ ನಕ್ಕಳು.

ಐದಕ್ಕೆ ಹತ್ತು ನಿಮಿಷ ಇರುವಾಗ ಬುಕ್ಕಾಂಬುಧಿಯಲ್ಲಿ ಇಳಿದೆವು. ಸಾವಿತ್ರಮ್ಮ ಮಿಲ್ಲು ನಿಲ್ಲಿಸಿ ರಸ್ತೆಯಲ್ಲೇ ನಿಂತಿದ್ದರು. ಸಿಂಚನ ಅವರನ್ನು ದಾಟಿ ನೇರ ಒಳಗೆ ಓಡಿ, ಹಳದಿ ಫ್ರಾಕನ್ನು ಬಿಚ್ಚಿ ತಂದು ಅವರ ಕೈಗಿಟ್ಟಳು.

"ಮಿಲ್ಲಮ್ಮ, ಇದು ಬೆವರು ವಾಸ್ನೆ. ಒಗ್ದು ಇಡು, ನಾಳೆ ಹಾಕ್ಕೋತೀನಿ."

ರಾಜಪ್ಪ ಹಿಂದಿನಿಂದ ಕೇಳಿದರು, "ಮೇಡಂ, ಬರೋ ಮಂಗಳವಾರದ ವಿಷ್ಯ ಏನ್ಮಾಡಣ?"

"ಯಾವ ಮಂಗಳವಾರ ರೀ?" ಎಂದು ಸಾವಿತ್ರಮ್ಮ ಗಂಡನ ಮೇಲೇ ರೇಗಿದರು. "ಮೊದ್ಲು ಮಿಲ್ಲು ಹಾಕ್ರೀ, ಜನ ಕಾಯ್ತಾವ್ರೆ."

ಅಲ್ಲಿಂದ ಏಳು ತಿಂಗಳು ಸಿಂಚನ ಆ ಮನೆಯಲ್ಲಿ ಬೆಳೆದಳು. ಎರಡು ವಾರಕ್ಕೊಮ್ಮೆ ಸಾವಿತ್ರಮ್ಮನೇ ಅವಳನ್ನು ಶಿವಮೊಗ್ಗಕ್ಕೆ ಕರೆದೊಯ್ದು ತರುತ್ತಿದ್ದರು. ಭಾಗ್ಯಳಿಗೆ ರಾಗಿ ಹುರಿಹಿಟ್ಟು, ನಡೆಯುವ ಅಭ್ಯಾಸ ತಪ್ಪಿಸಿದರೆ ಬೈಗುಳ. ನನ್ನ ಕಾರ್ಯಕ್ರಮ ಪಟ್ಟಿಯಲ್ಲಿ ಇವು ಯಾವುವೂ ಇರಲಿಲ್ಲ. ಹೊಸಬರು ನನ್ನಿಂದ ಒಂದೇ ಮಾತು ಕಲಿಯುವುದಿದ್ದರೆ ಇದು: ಸಾಕುವ ತಾಯಿಗೆ ನೀವು ಕೊಡಬಹುದಾದ ದೊಡ್ಡ ನೆರವು, ಅವಳು ತನ್ನ ಕಷ್ಟವನ್ನು ನಿಮ್ಮಿಂದ ಮುಚ್ಚಿಡದೆ ಹೇಳುವ ಹಾಗೆ ಇರುವುದು.

ಭಾಗ್ಯ ಕೋಲು ಹಿಡಿದು ನಡೆದಳು. ಪಂಚನಹಳ್ಳಿಯಲ್ಲಿ ಮತ್ತೆ ಮನೆ ಮಾಡಿದಳು. ಸಿಂಚನಳನ್ನು ತಾಯಿಗೆ ಒಪ್ಪಿಸುವ ದಿನ ಎಲ್ಲರೂ ಸಮಿತಿಯ ಕಚೇರಿಯಲ್ಲಿ ಸೇರಿದೆವು. ಸಾವಿತ್ರಮ್ಮ ಅಳಬಹುದೆಂದು ನಾನು ಕರವಸ್ತ್ರ ಹಿಡಿದೇ ಹೋಗಿದ್ದೆ. ಅವರು ಅಳುವ ಬದಲು, ಹೇನಿನ ಬಾಚಣಿಗೆ ಯಾವ ಚೀಲದಲ್ಲಿದೆ, ಗಣಿತದ ಮೇಷ್ಟ್ರಿಗೆ ಏನು ಹೇಳಬೇಕು ಎಂದು ಭಾಗ್ಯಳಿಗೆ ಒಂದೇ ಸಮನೆ ಹೇಳುತ್ತಿದ್ದರು. ಆಕೆ ತಲೆಯಾಡಿಸುತ್ತಿದ್ದಳು.

ಗುಮಾಸ್ತರು ಕೊನೆಯ ಫಾರ್ಮು ತುಂಬತೊಡಗಿದರು. "ತುರ್ತು ಸಂದರ್ಭದಲ್ಲಿ ತಿಳಿಸಬೇಕಾದ ಸಂಬಂಧಿಕರು?"

ಭಾಗ್ಯ ನೆಲ ನೋಡಿದಳು. ಅವಳಿಗೆ ಹೇಳಲು ಯಾರೂ ಇರಲಿಲ್ಲ.

"ನಮ್ ನಂಬರ್ ಬರ್ಕೊಳಿ," ಎಂದರು ಸಾವಿತ್ರಮ್ಮ.

"ಆಯ್ತಮ್ಮ, ಸಂಬಂಧ ಏನಂತ ಬರೀಲಿ? ಸಾಕು ತಾಯಿ ಅಂತ ಬರೆಯೋ ಹಾಗಿಲ್ಲ, ಅದು ಇವತ್ತಿಗೆ ಮುಗೀತು."

ಸಾವಿತ್ರಮ್ಮ ನನ್ನ ಕಡೆ ನೋಡಿದರು. ನನಗೆ ಬಾಯಿಪಾಠ ಇದ್ದ ನಿಯಮದ ಪುಸ್ತಕದಲ್ಲಿ ಅದಕ್ಕೊಂದು ಪದ ಇರಲಿಲ್ಲ.

"ಅಕ್ಕ ಅಂತ ಬರೀರಿ ಸಾರ್," ಎಂದಳು ಭಾಗ್ಯ. "ನಮ್ಮಕ್ಕ."

ಗುಮಾಸ್ತರು ನನ್ನ ಮುಖ ನೋಡಿದರು. ನಾನು ಬರೆಯಿರಿ ಎಂದು ತಲೆಯಾಡಿಸಿದೆ. ಸಹಿ ಹಾಕಲು ಭಾಗ್ಯ ಕುರ್ಚಿ ಬಿಟ್ಟೆದ್ದು ಮೇಜಿನ ಕಡೆ ಎರಡು ಹೆಜ್ಜೆ ಇಟ್ಟಳೋ ಇಲ್ಲವೋ, ಹಿಂದಿನಿಂದ ಸಾವಿತ್ರಮ್ಮನ ದನಿ ಇಡೀ ಕಚೇರಿಗೆ ಕೇಳುವಂತೆ ಬಂತು.

"ಲೇ, ಕೋಲೆಲ್ಲೇ? ಕೋಲ್ ಬಿಟ್ಟು ನಡೀಬ್ಯಾಡ ಅಂತ ಎಷ್ಟ್ ಸಲ ಹೇಳ್ಬೇಕೇ ನಿಂಗೆ?"